ಬಾಯಿಂದ ಕ್ಷಮಿಸಿದ ಮೇಲೆ

ಅಕ್ಕಿಆಲೂರಿನ ರೈಸ್ ಮಿಲ್ಲೊಂದಕ್ಕೆ ನಾನು ಮೀಸೆ ಮೂಡುವ ಮೊದಲೇ ಕೆಲಸಕ್ಕೆ ಸೇರಿದವನು. ಮೊದಲು ಚೀಲ ಹೊತ್ತೆ, ಆಮೇಲೆ ಭತ್ತ ಸುರಿದೆ, ಕೊನೆಗೆ ಮಷಿನ್ನಿನ ಜವಾಬ್ದಾರಿಯೇ ನನ್ನ ಮೇಲೆ ಬಂತು. ವಾರವಿಡೀ ಮೈಮೇಲೆ ತೌಡಿನ ಧೂಳು, ಭಾನುವಾರ ಮಾತ್ರ ಬಿಳಿ ಅಂಗಿ. ನಮ್ಮ ಕ್ರೈಸ್ತ ಸಭೆ ತೀರಾ ಚಿಕ್ಕದು. ಊರ ಹೊರಗೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಅದರಲ್ಲಿ ಬೆರಳೆಣಿಕೆಯ ಮನೆಗಳವರು. ಪಾಸ್ಟರ್ ಹಾನಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹಾರ್ಮೋನಿಯಂ ನುಡಿಸುವವನು ನಾನು. ಹಾಡು ಶುರುವಾಗಬೇಕಾದರೆ ಎಲ್ಲರೂ ನನ್ನ ಕೈ ನೋಡುತ್ತಿದ್ದರು, ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತು.

ನನ್ನ ಹೆಂಡತಿಗೆ ಒಬ್ಬನೇ ತಮ್ಮ. ಅತ್ತೆ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅಂದಿನಿಂದ ನಮ್ಮ ಮನೆಯಲ್ಲೇ ಬೆಳೆದ. ನಮ್ಮ ತಾಟಿನಲ್ಲೇ ಉಂಡ, ನನ್ನ ಹಳೆ ಅಂಗಿಗಳನ್ನೇ ತೊಟ್ಟ. ನನ್ನನ್ನು ‘ಮಾಮಾ’ ಎಂದು ಕರೆಯುತ್ತಿದ್ದ. ಓದು ತಲೆಗೆ ಹತ್ತಲಿಲ್ಲ, ನಾನೇ ಮಿಲ್ಲಿಗೆ ಕರೆದುಕೊಂಡು ಹೋಗಿ ಕೆಲಸ ಕಲಿಸಿದೆ. ಮದುವೆಯನ್ನೂ ನಾವೇ ನಿಂತು ಮಾಡಿದೆವು. ಮದುವೆಯಾದ ಮೇಲೆ ನಮ್ಮ ಓಣಿಯಲ್ಲೇ ಬೇರೆ ಮನೆ ಮಾಡಿದ.

ಕೊರೊನಾ ಸಡಿಲಾಗಿ ಮಿಲ್ಲುಗಳು ಮತ್ತೆ ಪೂರ್ತಿ ಜೋರಿನಲ್ಲಿ ನಡೆಯತೊಡಗಿದ ಸುಗ್ಗಿಯಲ್ಲಿ ಅದಾಯಿತು. ಮಧ್ಯಾಹ್ನದ ಹೊತ್ತು. ಮಷಿನ್ ತಿರುಗಿಸುವ ಬೆಲ್ಟು, ಅಂದರೆ ಪಟ್ಟಾ, ಗಾಲಿಯಿಂದ ಜಾರಿತ್ತು. ಮಷಿನ್ ನಿಲ್ಲಿಸಿ ನಾನು ಏಣಿ ಹತ್ತಿದೆ. ಸ್ವಿಚ್ ಇದ್ದದ್ದು ಗೋಡೆಯ ಆಚೆ. ಅಲ್ಲಿ ಅವನನ್ನು ನಿಲ್ಲಿಸಿದ್ದೆ.

“ನಾ ‘ಹಾಕು’ ಅಂತ ಕೂಗಿದ ಮ್ಯಾಲೆ ಹಾಕು. ಅಲ್ಲೀತನಕ ಮುಟ್ಟಬ್ಯಾಡ.”

“ಹೂಂ ರಿ ಮಾಮಾ.”

ಅಂಗಳದಲ್ಲಿ ಲಾರಿ ತುಂಬುತ್ತಿದ್ದರು. ಲಾರಿಯ ಮೇಲಿದ್ದ ಹಮಾಲನೊಬ್ಬ ಕೆಳಗಿನವನಿಗೆ, ಚೀಲ ಬರಲಿ ಎಂದು, “ಹಾಕು, ಹಾಕು!” ಎಂದು ಕೂಗಿದ. ನನ್ನ ಮೈದುನನಿಗೆ ಅದು ನನ್ನ ಧ್ವನಿಯಂತೆ ಕೇಳಿಸಿತು. ನನ್ನ ಬಲಗೈ ಆಗ ಪಟ್ಟಾದ ಕೆಳಗಿತ್ತು.

ಮುಂದಿನದು ನನಗೆ ತುಣುಕು ತುಣುಕಾಗಿ ನೆನಪಿದೆ. ಸಾಹುಕಾರರ ಕಾರು, ಯಾರದೋ ಟವೆಲ್ಲು, ಹಾನಗಲ್ಲು, ಅಲ್ಲಿಂದ ಹುಬ್ಬಳ್ಳಿ. ಎಚ್ಚರವಾದಾಗ ಬಲಗೈ ಮಣಿಕಟ್ಟಿನ ಮುಂದಕ್ಕೆ ಇರಲಿಲ್ಲ. ಹೆಂಡತಿ ಮಂಚದ ಪಕ್ಕ ಕೂತು ನನ್ನ ಕಾಲು ಒತ್ತುತ್ತಿದ್ದಳು. ಯಾವ ಕೈ ಹಿಡಿಯಬೇಕೆಂದು ತಿಳಿಯದೆ ಕಾಲು ಹಿಡಿದಿದ್ದಳೇನೋ.

ಪಾಸ್ಟರ್ ಬಂದು ಪ್ರಾರ್ಥನೆ ಮಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: “ನಿಮ್ಮ ಮೈದುನ ಹೊರಗ ಗ್ವಾಡಿಗೆ ಹಣಿ ಹಚ್ಚಿ ಕುಂತಾನ್ರಿ. ಒಂದ ತುತ್ತ ಉಂಡಿಲ್ಲ. ಒಂದ ಮಾತ ನೀವು ಹೇಳಿದ್ರ ಜೀವ ಹಿಡೀತಾನ.”

ಸಭೆಯವರು ಐದಾರು ಮಂದಿ ಮಂಚದ ಸುತ್ತ ನಿಂತಿದ್ದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅವನು ಒಳಗೆ ಬಂದ. ತಲೆ ಎತ್ತಲಿಲ್ಲ. ನಾನು ಅಂದೆ: “ನಾ ನಿನ್ನ ಕ್ಷಮಿಸೇನಿ, ತಮ್ಮಾ.”

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಮಾತ್ರ ಕೈಮುಗಿದು ಹೊರಗೆ ಹೋದ.

ನಾನು ಮನೆಗೆ ಬರುವ ಮೊದಲೇ ಆ ಮಾತು ಊರು ತಲುಪಿತ್ತು. ಹಾನಗಲ್ಲಿನ ಸಭೆಯಲ್ಲಿ ಪಾಸ್ಟರ್ ಅದನ್ನು ಆರಾಧನೆಯ ಪ್ರಸಂಗದಲ್ಲಿ ಹೇಳಿದರಂತೆ. ಶಿಗ್ಗಾಂವಿಯಿಂದ ಗುರುತಿಲ್ಲದ ಒಂದು ಕುಟುಂಬ ನನ್ನನ್ನು ನೋಡಲೆಂದೇ ಬಂತು. ಓಣಿಯ ಲಿಂಗಾಯತರ ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತು, “ಭಾಳ ದೊಡ್ಡ ಮನಸಪಾ ನಿಂದು. ನಮ್ಮ ಕೈಲೆ ಆಗ್ತಿದ್ದಿಲ್ಲ” ಅಂದರು. ನಾನು ತಲೆಯಾಡಿಸಿದೆ. ನನ್ನ ಕೈಲೂ ಆಗಿಲ್ಲ ಎಂದು ಆಗ ಹೇಳುವುದು ಹೇಗೆ? ಅಷ್ಟೊಂದು ಜನ ನಂಬಿದ್ದನ್ನು ನಾನೂ ನಂಬಿಬಿಡೋಣ ಎಂದುಕೊಂಡೆ.

ಗಾಯ ಮಾಯುವ ದಿನಗಳಲ್ಲಿ ಅವನು ದಿನಾ ಮುಂಜಾನೆ ಬರತೊಡಗಿದ. ಯಾರೂ ಹೇಳಿರಲಿಲ್ಲ. ನೀರು ಕಾಯಿಸಿ ತೋಡಿಕೊಡುತ್ತಿದ್ದ, ಗಡ್ಡ ಹೆರೆಯುತ್ತಿದ್ದ, ಅಂಗಿ ತೊಡಿಸಿ ಗುಂಡಿ ಹಾಕುತ್ತಿದ್ದ, ಖಾಲಿ ತೋಳನ್ನು ಮಡಚಿ ಪಿನ್ನು ಚುಚ್ಚುತ್ತಿದ್ದ. ಗುಂಡಿ ಹಾಕುವಾಗ ಅವನ ಮುಖ ನನ್ನ ಮುಖಕ್ಕೆ ಗೇಣು ದೂರದಲ್ಲಿರುತ್ತಿತ್ತು. ನಾನು ಗೋಡೆ ನೋಡುತ್ತಿದ್ದೆ. ಅವನು ಗುಂಡಿ ನೋಡುತ್ತಿದ್ದ. “ನೀರ ಬಿಸಿ ಆಗ್ಯಾವ” ಎಂದು ನಾನು ಅಂದರೆ “ಹೂಂ ರಿ” ಅನ್ನುವನು, ತಣ್ಣೀರು ಬೆರೆಸುವನು. ಅಷ್ಟೇ ಮಾತು. ಆಮೇಲೆ ಮಿಲ್ಲಿಗೆ ಹೋಗಿ ಚೀಲ ಹೊರುತ್ತಿದ್ದ. ಮಷಿನ್ನಿನ ಹತ್ತಿರ ಸುಳಿಯುತ್ತಿರಲಿಲ್ಲ. ನನಗೆ ಸಾಹುಕಾರರು ತೂಕದ ಹತ್ತಿರ ಕೂರುವ ಕೆಲಸ ಕೊಟ್ಟಿದ್ದರು. ಅಲ್ಲಿಂದ ಅವನ ಬೆನ್ನು ಕಾಣುತ್ತಿತ್ತು.

ಭಾನುವಾರ ಅವನು ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗಕ್ಕೆ ಅಂಟಿಕೊಂಡು ಕೂರುತ್ತಿದ್ದ. ತಿಂಗಳಿಗೊಮ್ಮೆ ಕರ್ತನ ಭೋಜನದ ರೊಟ್ಟಿ ಹಂಚುವ ಹೊತ್ತಿಗೆ, ಅದಕ್ಕೆ ತಾನು ಯೋಗ್ಯನಲ್ಲ ಎಂಬಂತೆ, ಸದ್ದಿಲ್ಲದೆ ಎದ್ದು ಹೊರಗೆ ಹೋಗುತ್ತಿದ್ದ. ಹಾರ್ಮೋನಿಯಂ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಬರೀ ಚಪ್ಪಾಳೆ ತಟ್ಟಿ ಹಾಡುತ್ತಿದ್ದರು. ಒಂದು ಕೈಯಿಂದ ಚಪ್ಪಾಳೆಯೂ ಆಗದು. ನಾನು ತೊಡೆ ತಟ್ಟುತ್ತಿದ್ದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿ ಬಿಟ್ಟಿದ್ದೇವೆ ಎಂದು ದೇವರಿಗೆ ಹೇಳುವ ಸಾಲು ಪ್ರಾರ್ಥನೆಯಲ್ಲಿ ಬಂದಾಗ ಮಾತ್ರ ನನ್ನ ನಾಲಿಗೆ ತಡವರಿಸುತ್ತಿತ್ತು. ಪಕ್ಕದವರ ದನಿಯಲ್ಲಿ ಅದು ಮುಚ್ಚಿಹೋಗುತ್ತಿತ್ತು. ಅವನು ಎದ್ದು ಹೊರಗೆ ಹೋದದ್ದು ನನಗೆ ಕಾಣದೆ ಇರುತ್ತಿರಲಿಲ್ಲ. ಹೋಗಲಿ ಅನಿಸುತ್ತಿತ್ತು. ಇನ್ನೂ ನಿಜ ಹೇಳಬೇಕೆಂದರೆ, ಹೋಗಬೇಕಾದ್ದೇ ಅನಿಸುತ್ತಿತ್ತು.

ಹೀಗೆ ಒಂದು ವರ್ಷಕ್ಕೂ ಮೀರಿ ನಡೆಯಿತು. ಒಂದು ದಿನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಆಗಷ್ಟೇ ನನ್ನ ಕೆಲಸ ಮುಗಿಸಿ ಹೋಗಿದ್ದ.

“ಒಂದ ಮಾತ ಕೇಳ್ಲೇನ್ರಿ?” ಅಂದಳು.

“ಕೇಳು.”

“ಶಿಗ್ಗಾಂವಿ ಮದುವಿಗೆ ಹೋದಾಗ ನಿಮ್ಮ ಅಂಗಿ ಗುಂಡಿ ಯಾರ ಹಾಕಿದ್ರು?”

“ಅವ ಬಂದಿದ್ದಿಲ್ಲಲ್ಲ. ಎಡಗೈಲೆ ನಾನ ಹಾಕ್ಕೊಂಡೆ.”

“ಗಡ್ಡಾನೂ ನೀವ ಮಾಡ್ಕೊಂಡ್ರಿ. ನಾ ನೋಡೇನಿ. ಮತ್ತ ಮರುದಿನ ಮುಂಜಾನೆ ಅವನ ಮುಂದ ಎದಿ ಕೊಟ್ಟು ಯಾಕ ನಿಂತ್ರಿ?”

ಅವಳು ರೊಟ್ಟಿ ತಿರುವಿ ಹಾಕಿ, ನನ್ನ ಕಡೆ ನೋಡದೆಯೇ ಮುಂದುವರಿಸಿದಳು.

“ಅವನ ಮನ್ಯಾಗ ಅವ ಲೈಟ್ ಹಾಕೂದಿಲ್ಲ, ಗೊತ್ತೇನ ನಿಮಗ? ಯಾವ ಸ್ವಿಚ್ಚೂ ಮುಟ್ಟೂದಿಲ್ಲ. ಹೆಂಡ್ತಿ ನೀರಿಗೆ ಹೋಗಿದ್ರ ಸಂಜಿಮುಂದ ಕತ್ತಲಾಗ ಕುಂತಿರ್ತಾನಂತ. ಆಕಿ ಅತ್ಕೊಂತ ಹೇಳಿದ್ಲು. ನನ್ನ ತಮ್ಮ ಅಂತ ಹೇಳಾಕತ್ತಿಲ್ರಿ ನಾ. ನಿಮ್ಮ ಕೈ ಹೋದದ್ದು ನನಗ ನನ್ನ ಕೈ ಹೋದಂಗ ಆಗೇತಿ. ಆದ್ರ ದಿನಾ ಅವನ್ನ ಎದುರಿಗೆ ನಿಲ್ಲಿಸ್ಕೊಂಡು ನೀವು ಸೇಡು ತೀರಿಸ್ಕೊಳ್ಳೂದನ್ನ ನೋಡ್ಕೊಂತ ನಾ ಹ್ಯಾಂಗ ರೊಟ್ಟಿ ಬಡೀಲಿ?”

ಸೇಡು ಎನ್ನುವ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ತಾಟು ಸರಿಸಿ ಎದ್ದೆ. ಕ್ಷಮಿಸಿದವನೆಂದು ಮೂರು ಊರಿನವರು ಹೇಳುವ ನನಗೆ ನನ್ನ ಮನೆಯಲ್ಲೇ ಈ ಮಾತೇ ಎಂದು ಆ ದಿನವೆಲ್ಲ ಕುದಿದೆ. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಅವನು ನನ್ನ ಗುಂಡಿಗಳ ಮುಂದೆ ತಲೆ ಬಗ್ಗಿಸಿ ನಿಂತಾಗ ನನಗೆ ಒಂದು ಬಗೆಯ ಸಮಾಧಾನ ಸಿಗುತ್ತಿತ್ತು. ಬೈದಿದ್ದರೆ, ಹೊಡೆದಿದ್ದರೆ ಅದು ಒಂದು ದಿನಕ್ಕೆ ಮುಗಿಯುತ್ತಿತ್ತು. ಇದು ಮುಗಿಯದ ಹಾಗೆ ನಾನು ನೋಡಿಕೊಂಡಿದ್ದೆ.

ಮರುದಿನ ಅವನು ಬಂದಾಗ ನಾನು ಆಗಲೇ ಸ್ನಾನ ಮುಗಿಸಿ ಅಂಗಿ ತೊಟ್ಟು ಕೂತಿದ್ದೆ.

“ನಾಳಿಂದ ಬರೂದು ಬ್ಯಾಡ. ನಾನ ಮಾಡ್ಕೊಂತೇನಿ,” ಅಂದೆ.

ಒಳ್ಳೆಯದನ್ನೇ ಹೇಳಿದೆ ಎಂದುಕೊಂಡಿದ್ದೆ. ಆದರೆ ಹೇಳಿದ ರೀತಿಯಲ್ಲಿ ಕೂಲಿಯವನನ್ನು ಕೆಲಸದಿಂದ ಬಿಡಿಸುವ ಗತ್ತಿತ್ತು. ಅವನು ಹೊಸ್ತಿಲಲ್ಲೇ ನಿಂತ. “ಅದೂ ಬ್ಯಾಡೇನ್ರಿ ಮಾಮಾ?” ಅಂದ. ಬಾಗಿಲ ಬಳಿ ಇದ್ದ ಖಾಲಿ ಬಕೀಟನ್ನು ಎತ್ತಿ ಬಚ್ಚಲಲ್ಲಿಟ್ಟು ಹೋದ.

ಅದೇ ವಾರದಲ್ಲಿ ಅವನು ಊರು ಬಿಟ್ಟ. ಹಿರೇಕೆರೂರಿನಲ್ಲಿ ಗೋವಿನಜೋಳದ ಗೋದಾಮಿನಲ್ಲಿ ಹಮಾಲಿ ಕೆಲಸ ಹಿಡಿದಿದ್ದಾನೆಂದು ಅವನ ಹೆಂಡತಿ ಬಂದು ಹೇಳಿದಳು. ಅಲ್ಲೇ ಮಲಗುತ್ತಾನೆ, ಯಾವಾಗ ಬರುತ್ತಾನೆಂದು ಹೇಳಿಲ್ಲ. ನನ್ನ ಹೆಂಡತಿ ನನಗೆ ಚಹಾ ಕೊಟ್ಟಳು, ರೊಟ್ಟಿ ಕೊಟ್ಟಳು, ಮಾತು ಕೊಡಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ನಾನು ಪಾಸ್ಟರರ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ನಾನು ಕ್ಷಮಿಸಿಲ್ಲ ಎಂದೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ರಸ್ತೆಯ ಬದಿಗೆ ನಿಂತು ಬ್ಯಾಗನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದರು.

“ತಪ್ಪು ನಂದೂ ಐತ್ರಿ. ಅವತ್ತ ನಾ ಅವಸರ ಮಾಡಿ ನಿಮ್ಮ ಬಾಯಿಂದ ಹೇಳಿಸಿದೆ. ಅವ ಉಪವಾಸ ಕುಂತಿದ್ದ, ನನಗ ಹೆದ್ರಿಕಿ ಆಗಿತ್ತು. ಕೈ ಹೋಗಿ ಎರಡ ದಿನ ಆಗಿದ್ದಿಲ್ಲ ನಿಮಗ. ಮ್ಯಾಲೆ ಅದನ್ನ ಪ್ರಸಂಗದಾಗ ಬ್ಯಾರೆ ಹೇಳ್ಕೊಂತ ತಿರಗಿದೆ.”

“ಈಗ ನಾ ಏನ ಮಾಡ್ಲಿ ಹೇಳ್ರಿ.”

“ಹೋಗಿ ಅವನ್ನ ಕಾಣ್ರಿ.”

“ಹೋಗಿ ಏನ ಹೇಳ್ಲಿ?”

“ಇದ್ದದ್ದ ಹೇಳ್ರಿ. ಇಲ್ಲದ್ದ ಹೇಳಿ ಆಗೇತಿ.”

ಹಿರೇಕೆರೂರಿಗೆ ಹೋದ ದಿನ ಅಲ್ಲಿ ಸಂತೆ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನಾನು ಎಡಗೈಯಿಂದ ಮೇಲಿನ ಸರಳು ಹಿಡಿದಿದ್ದೆ. ಕಂಡಕ್ಟರ್ ಬಂದು ಟಿಕೆಟ್ ಅಂದ. ನನ್ನ ತೋಳು ನೋಡಿ ಮೆಲ್ಲಗೆ, “ಯಾವ ಕಿಸೆದಾಗ ಐತ್ರಿ ಕಾಕಾ?” ಎಂದು ಕೇಳಿ ತಾನೇ ದುಡ್ಡು ತೆಗೆದುಕೊಂಡ. ಮೊದಲಾದರೆ ಇಂಥದ್ದಕ್ಕೆಲ್ಲ ಮೈದುನನ ಮೇಲೆ ಹಲ್ಲು ಕಡಿಯುತ್ತಿದ್ದೆ. ಆ ದಿನವೂ ಕಡಿದೆ. ಕಡಿಯುತ್ತಲೇ ಅವನನ್ನು ಹುಡುಕಿಕೊಂಡು ಹೋಗುತ್ತಿದ್ದೆ.

ಗೋದಾಮಿನ ಮುಂದೆ ಕಾಳು ಹರವಿದ್ದರು. ಅವನು ಬೆನ್ನ ಮೇಲೆ ಚೀಲ ಹೊತ್ತು ಹಲಗೆ ಹತ್ತುತ್ತಿದ್ದ. ಬಡಕಲಾಗಿದ್ದ. ನನ್ನನ್ನು ಕಂಡವನೇ ಚೀಲ ಅಲ್ಲೇ ಇಳಿಸಿ ಓಡಿ ಬಂದ.

“ಅಕ್ಕಗ ಏನರ ಆತೇನ್ರಿ?”

“ಎಲ್ಲಾರೂ ಆರಾಮದಾರ. ನಿನ್ನ ಕೂಡ ಮಾತಾಡೂದೈತಿ.”

ಗೋದಾಮಿನ ಪಕ್ಕದಲ್ಲಿ ಒಂದು ಚಹಾದ ಅಂಗಡಿ. ಅದರ ಹಿಂದೆ ಒಂದು ಕಲ್ಲಿನ ಮೇಲೆ ಕೂತೆವು. ಹೇಗೆ ಶುರುಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಯಿತು.

“ಆಸ್ಪತ್ರ್ಯಾಗ ನಾ ನಿನ್ನ ಕ್ಷಮಿಸೇನಿ ಅಂದಿದ್ದೆ,” ಅಂದೆ.

“ಹೂಂ ರಿ.”

“ಅದು ಖರೆ ಅಲ್ಲ. ಮಂದಿ ನಿಂತಿದ್ರು, ಅಂದುಬಿಟ್ಟೆ.”

“ಗೊತ್ತಿತ್ರಿ,” ಅಂದ. “ಅವತ್ತ ಅನ್ನುವಾಗ ನೀವು ನನ್ನ ಮಾರಿ ನೋಡ್ಲಿಲ್ಲ. ಆಮ್ಯಾಲೂ ನೋಡ್ಲಿಲ್ಲ.”

ಆ ಮಾತಿಗೆ ನನ್ನೊಳಗೆ ಕಟ್ಟಿದ್ದು ಒಡೆಯಿತು. “ನನಗ ಸಿಟ್ಟೈತಿ! ಭಾಳ ಸಿಟ್ಟೈತಿ! ಗ್ವಾಡಿ ಆಚೆಯಿಂದ ಒಮ್ಮೆರ ಬಗ್ಗಿ ನೋಡಿದ್ರ ನಿನ್ನ ಗಂಟೇನ ಹೋಗ್ತಿತ್ತು? ನನ್ನ ಧ್ವನಿ ನಿನಗ ಗೊತ್ತಿದ್ದಿಲ್ಲೇನ? ನನ್ನ ಮನ್ಯಾಗ ಬೆಳದಾವ ನೀ! ಹಾರ್ಮೋನಿಯಂ ಪೆಟ್ಟಿಗಿ ನೋಡಿದ್ರ ಸಿಟ್ಟ ಬರ್ತೈತಿ, ಬಸ್ ಹತ್ತಿದ್ರ ಸಿಟ್ಟ ಬರ್ತೈತಿ, ತುತ್ತ ಮುರದ್ರ ಸಿಟ್ಟ ಬರ್ತೈತಿ!”

ಚಹಾದ ಅಂಗಡಿಯವನು ಹಣಿಕಿ ನೋಡಿದ. ಮೈದುನ ತಲೆ ತಗ್ಗಿಸಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ ಎಲ್ಲವನ್ನೂ ಕೇಳಿದ. ನಾನು ದಣಿದು ನಿಲ್ಲಿಸಿದಾಗ ನಿಧಾನವಾಗಿ ಹೇಳಿದ:

“ಅದನ್ನ ನಾನೂ ನನಗ ಕೇಳ್ಕೊಂತೇನ್ರಿ. ಬಗ್ಗಿ ಯಾಕ ನೋಡ್ಲಿಲ್ಲ ಅಂತ. ಉತ್ತರ ಇಲ್ಲ. ದೇವರು ಕ್ಷಮಿಸ್ಯಾನ, ನೀ ಎದ್ದ ಬಾ ಅಂತ ಪಾಸ್ಟರ್ ಹೇಳ್ತಾರ. ಆದ್ರ ದೇವರ ಕೈ ಹೋಗಿಲ್ಲಲ್ರಿ ಮಾಮಾ. ನಿಮ್ಮ ಕೈ ಹೋಗೇತಿ.”

ಶಿಲುಬೆಯ ಮೇಲೆ ಕರ್ತನ ಕೈಗೂ ಮೊಳೆ ಹೊಡೆದಿದ್ದರಲ್ಲ ಎಂದು ನನಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ. ಆಗಲೇ ಹೊಳೆದಿದ್ದರೂ ಹೇಳುತ್ತಿರಲಿಲ್ಲವೇನೋ. ಅವನು ಕೇಳುತ್ತಿದ್ದದ್ದು ನನ್ನನ್ನು.

“ಹಂಗಾದ್ರ ಕೈ ಹೋದಾವನ ಹೇಳಾಕತ್ತೇನಿ, ಕೇಳು,” ಅಂದೆ. “ಈ ಸಿಟ್ಟ ನಾ ಹಿಡಕೊಂಡ ಕುಂದ್ರೂದಿಲ್ಲ. ಇವತ್ತಿಗೆ ಎಲ್ಲಾ ಹೋತು ಅಂತ ಅಲ್ಲ. ಮತ್ತ ಬರ್ತೈತಿ. ಬಂದಾಗೊಮ್ಮೆ ಬಿಡ್ತೇನಿ. ನೀನೂ ನಿನ್ನ ಬಿಡು.”

“ನನ್ನ ನಾ ಹ್ಯಾಂಗ ಬಿಡ್ಲಿ?”

“ನನಗ ಗೊತ್ತಿಲ್ಲೋ ತಮ್ಮಾ.”

ನಿಜವಾಗಿಯೂ ಗೊತ್ತಿರಲಿಲ್ಲ. ಆಮೇಲೆ ಅವನು ನನ್ನ ತೋಳಿನ ಕಡೆ ನೋಡಿ, “ಒಮ್ಮೆ ನೋಡ್ಲೇನ್ರಿ?” ಎಂದು ಕೇಳಿದ. ಒಂದು ವರ್ಷ ನನಗೆ ನೀರು ತೋಡಿಕೊಟ್ಟವನು, ಅಂಗಿ ತೊಡಿಸಿದವನು, ಆ ಜಾಗವನ್ನು ಮಾತ್ರ ನೋಡದೆಯೇ ಕಳೆದಿದ್ದ. ನಾನು ಪಿನ್ನು ತೆಗೆದೆ. ಅವನು ತೋಳು ಮೇಲೆ ಸರಿಸಿ, ಮಾದ ಗಾಯವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ. ಜೋಳದ ಧೂಳು ತುಂಬಿದ ಒರಟು ಅಂಗೈ.

“ನೋವಾಗ್ತೈತೇನ್ರಿ?”

“ಥಂಡಿಯಾಗ ಆಗ್ತೈತಿ. ಒಮ್ಮೊಮ್ಮೆ ಇಲ್ಲದ ಬೆರಳ ತುರಸ್ತಾವ. ಎಲ್ಲಿ ಕೆರೀಬೇಕೋ ತಿಳಿಯೂದಿಲ್ಲ.”

ಅವನಿಗೆ ನಗು ಬಂತು. ನಗುತ್ತಿದ್ದವನು ಹಾಗೇ ಅಳತೊಡಗಿದ. ಆಸ್ಪತ್ರೆಯಲ್ಲಿ ಅಳದವನು, ಸಭೆಯಲ್ಲಿ ಅಳದವನು, ಆ ಕಲ್ಲಿನ ಮೇಲೆ ಕೂತು ಚಿಕ್ಕವನಿದ್ದಾಗ ಅಳುತ್ತಿದ್ದ ಹಾಗೆ ಗಟ್ಟಿಯಾಗಿ ಅತ್ತ. ನಾನು ಅವನ ತಲೆಯ ಮೇಲೆ ಎಡಗೈ ಇಟ್ಟೆ. ನನಗೂ ತಡೆಯಲಾಗಲಿಲ್ಲ.

ಅವನು ಆ ದಿನವೇ ನನ್ನ ಜೊತೆ ಬರಲಿಲ್ಲ. ಬಾ ಎಂದು ನಾನೂ ಒತ್ತಾಯಿಸಲಿಲ್ಲ. ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನು ಹೇಳಿದೆ. ಅವಳು ಎಲ್ಲವನ್ನೂ ಕೇಳಿ, “ಉಂಡಿದ್ನೇನ?” ಎಂದಷ್ಟೇ ಕೇಳಿದಳು. ಆಮೇಲೆ ನನ್ನ ಪಕ್ಕ ಬಂದು ಕೂತಳು. ಗೋದಾಮಿನ ಕೆಲಸ ಇಳಿಮುಖವಾದ ಮೇಲೆ, ಒಂದು ಸಂಜೆ ಅವನು ಹಾಸಿಗೆ ಸುರುಳಿ ಹೊತ್ತು ಊರಿಗೆ ಬಂದ. ಮಿಲ್ಲಿಗೆ ಮತ್ತೆ ಕಾಲಿಡಲಿಲ್ಲ. ಈಗ ಬೇರೆಯವರ ಗೂಡ್ಸ್ ಗಾಡಿ ಓಡಿಸುತ್ತಾನೆ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಮತ್ತೆ ಅವಸರದ ಮಾತಾಗುತ್ತದೆ. ನನ್ನ ಸಿಟ್ಟು ಈಗಲೂ ಬರುತ್ತದೆ. ಚಳಿಗಾಲದ ಮುಂಜಾನೆ ಬೂಟಿನ ದಾರ ಕಟ್ಟಲು ಹೆಣಗುವಾಗ ಬರುತ್ತದೆ. ಕ್ಷಮೆ ಎಂದರೆ ಒಂದು ಸಲ ಹೊಳೆ ದಾಟಿದ ಹಾಗೆ ಎಂದು ನಾನು ಚಿಕ್ಕಂದಿನಿಂದ ತಿಳಿದಿದ್ದೆ. ನನ್ನ ಮಟ್ಟಿಗೆ ಅದು ದಿನಾ ಅಂಗಳ ಗುಡಿಸಿದ ಹಾಗೆ. ಗುಡಿಸಿದ ಮೇಲೂ ಎಲೆ ಬೀಳುತ್ತದೆ. ಬಿತ್ತು ಎಂದು ನಿನ್ನೆ ಗುಡಿಸಿದ್ದು ಸುಳ್ಳಾಗುವುದಿಲ್ಲ. ಅವನದು ಇನ್ನೂ ಕಷ್ಟ. ನನ್ನ ಸಿಟ್ಟಿಗೆ ಹೋಗಿ ಹುಡುಕಲು ಒಬ್ಬ ಮನುಷ್ಯನಾದರೂ ಇದ್ದ. ಅವನು ತನ್ನನ್ನೇ ಹುಡುಕಿಕೊಂಡು ಯಾವ ಬಸ್ಸು ಹತ್ತಬೇಕು? ಕರ್ತನ ಭೋಜನಕ್ಕೆ ಕೆಲವು ತಿಂಗಳು ಕೂರುತ್ತಾನೆ, ಕೆಲವು ತಿಂಗಳು ಎದ್ದು ಹೋಗುತ್ತಾನೆ. ಎದ್ದು ಹೋದ ದಿನ ನಾನೂ ಅವನ ಹಿಂದೆ ಹೊರಗೆ ಹೋಗಿ ಗೋಡೆಯ ನೆರಳಲ್ಲಿ ಪಕ್ಕ ನಿಲ್ಲುತ್ತೇನೆ. ಒಂದು ಸಲ ಪಾಸ್ಟರ್ ರೊಟ್ಟಿಯ ತಟ್ಟೆ ಹಿಡಿದು ಅಲ್ಲಿಗೇ ಬಂದರು. ಆ ದಿನ ತೆಗೆದುಕೊಂಡ.

ಹೋದ ತಿಂಗಳು ಸವಣೂರಿನಲ್ಲಿರುವ ಅಕ್ಕ-ತಮ್ಮನ ಸೋದರತ್ತೆ ಮನೆ ಬದಲಿಸುವವರಿದ್ದರು. ಸಾಮಾನು ಸಾಗಿಸಲು ಅವನು ಗಾಡಿ ತೆಗೆದುಕೊಂಡು ಹೊರಟ. ನಾನೂ ಮುಂದಿನ ಸೀಟಿನಲ್ಲಿ ಕೂತೆ. ಶಿಗ್ಗಾಂವಿ ದಾಟುತ್ತಲೇ ನನಗೆ ಒಂದು ಒಳದಾರಿ ನೆನಪಾಯಿತು. ಬೇಗ ಮುಟ್ಟುತ್ತೇವೆ, ತಿರುಗಿಸು ಎಂದು ಹಟ ಮಾಡಿದೆ. ಅವನಿಗೆ ಮನಸ್ಸಿರಲಿಲ್ಲ, ಆದರೂ ತಿರುಗಿಸಿದ. ಸ್ವಲ್ಪ ದೂರ ಹೋದ ಮೇಲೆ ದಾರಿ ಪೈಪ್‌ಲೈನಿಗೆಂದು ಅಗೆದ ತಗ್ಗಿನ ಮುಂದೆ ನಿಂತಿತು. ಹಿಂದಕ್ಕೆ ತಿರುಗಿಸಲು ಜಾಗವಿಲ್ಲ, ಎರಡೂ ಬದಿ ಹೊಲ. ಅವನು ಹಿಂದೆ ನೋಡುತ್ತ ಗಾಡಿ ಸರಿಸುವಾಗ ನಾನು ಎಡಕ್ಕೆ ಬಾ, ಬಲಕ್ಕೆ ಬಾ ಎನ್ನುತ್ತಲೇ ಇದ್ದೆ.

“ಮಾಮಾ, ಸ್ವಲ್ಪ ಬಾಯಿ ಮುಚ್ಚಿ ಕುಂದರ್ರಿ!” ಎಂದು ಕೂಗಿದ. “ಗಾಡಿ ನಾ ಹೊಡ್ಯಾಕತ್ತೇನೋ, ನೀವೋ? ಬ್ಯಾಡ ಬ್ಯಾಡ ಅಂದ್ರೂ ಈ ದಾರಿ ಹಿಡಿಸಿದ್ರಿ!”

ನಾನು ಬೆರಗಾಗಿ ಅವನ ಕಡೆ ನೋಡಿದೆ. ಅಪಘಾತವಾದ ದಿನದಿಂದ ಅವನು ನನಗೆ ಒಂದೂ ಎದುರು ಮಾತು ಆಡಿರಲಿಲ್ಲ. ಮುಖ ಕೆಂಪಾಗಿತ್ತು, ಹುಬ್ಬು ಗಂಟಿಕ್ಕಿತ್ತು, ನನ್ನ ತೋಳಿನ ಕಡೆ ಅವನ ಲಕ್ಷ್ಯವೇ ಇರಲಿಲ್ಲ. ನನಗೆ ಅದೆಷ್ಟು ಹಿಗ್ಗಾಯಿತೆಂದರೆ, “ದಾರಿ ಅಗದದ್ದು ನಾನೇನೋ? ನಿನಗ ಗಾಡಿ ಹೊಡ್ಯಾಕ ಬರೂದಿಲ್ಲ ಅನ್ನು!” ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.

ಸವಣೂರು ಮುಟ್ಟುವವರೆಗೂ ಬೈದಾಡಿಕೊಂಡೇ ಹೋದೆವು. ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ನಮ್ಮಿಬ್ಬರ ಮುಖ ನೋಡಿ, “ಯಾಕ್ರಪಾ, ಹಾದ್ಯಾಗ ಏನಾತು?” ಎಂದು ಗಾಬರಿಯಾದರು. ಗಾಡಿಯಿಂದ ಇಳಿಯುತ್ತಲೇ ಇಬ್ಬರೂ ಒಟ್ಟಿಗೇ ಅವರ ಮುಂದೆ ದೂರು ಹೇಳಲು ಶುರುಮಾಡಿದೆವು.